ಖಾರ ಬಿಸ್ಕತ್ತಿಗೆ ಅಡುಗೆ ಸೋಡಾವೋ, ಬೇಕಿಂಗ್ ಪೌಡರೋ, ಅಮೋನಿಯಾವೋ?

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಖಾರ ಬಿಸ್ಕತ್ತಿನ ಗರಿಗರಿತನ ಮನೆಯ ಓವನ್ನಿನಲ್ಲಿಯೂ ಬರಬೇಕೆಂಬ ಹಟದಿಂದ, ಮೈದಾ, ಬೆಣ್ಣೆ, ಮೊಸರು, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ಕಲೆಸಿದ ಒಂದೇ ಹಿಟ್ಟನ್ನು ಮೂರು ಪಾಲು ಮಾಡಿ, ಒಂದಕ್ಕೆ ಅಡುಗೆ ಸೋಡಾ, ಇನ್ನೊಂದಕ್ಕೆ ಬೇಕಿಂಗ್ ಪೌಡರ್, ಮತ್ತೊಂದಕ್ಕೆ ಬೇಕರಿಯವರು ಬರಿದೇ ಅಮೋನಿಯಾ ಎನ್ನುವ ಅಮೋನಿಯಂ ಬೈಕಾರ್ಬೊನೇಟ್ ಬೆರೆಸಿ ಬೇಯಿಸಿದೆ.

ಬೇಕಿಂಗ್ ಪೌಡರಿನದು ಮೆತ್ತಗಾಯಿತು. ಅದರಲ್ಲಿ ಸೋಡಾದ ಜೊತೆಗೆ ಹುಳಿ ಲವಣವೂ ಪಿಷ್ಟವೂ ಮೊದಲೇ ಸೇರಿರುತ್ತವೆ. ಹಿಟ್ಟಿನಲ್ಲಿ ಮೊಸರು ಇರುವಾಗ ಆ ಹುಳಿ ಹೆಚ್ಚುವರಿ. ಕೇಕಿಗೆ ಇದು ಸರಿ, ಇಲ್ಲಿ ಬೇಡ.

ಅಡುಗೆ ಸೋಡಾ ಮೊಸರಿನ ಹುಳಿ ಸೋಕಿದೊಡನೆ ಅನಿಲ ಬಿಡತೊಡಗುವುದರಿಂದ, ಕಲೆಸಿದ ಹಿಟ್ಟನ್ನು ಹೆಚ್ಚು ಹೊತ್ತು ಹಾಗೇ ಇಡುವಂತಿಲ್ಲ. ಬಣ್ಣ ಚೆನ್ನಾಗಿ ಕೆಂಪಗೆ ಬಂತು. ಆದರೆ ಹುಳಿಗೆ ಮೀರಿ ಉಳಿದ ಸೋಡಾ ಬಿಸಿಗೆ ಸೋಡಿಯಂ ಕಾರ್ಬೊನೇಟಾಗಿ ಬಿಸ್ಕತ್ತಿನಲ್ಲೇ ಕೂರುತ್ತದೆ. ಅಳತೆಯನ್ನು ತುಸು ಏರಿಸಿದಾಗ ನಾಲಿಗೆಗೆ ತಾಗಿದ ಸಾಬೂನಿನ ರುಚಿ ಅದರದೇ.

ಅಮೋನಿಯಾದ ಗುಣ ಬೇರೆ. ಬಿಸಿಗೆ ಆ ಪುಡಿ ಅಮೋನಿಯಾ ಅನಿಲ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಪೂರ್ತಿ ಒಡೆದುಹೋಗುತ್ತದೆ, ಘನರೂಪದಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಸಾಬೂನಿನ ರುಚಿಯೂ ಇಲ್ಲ. ತೆಳುವಾಗಿ ಲಟ್ಟಿಸಿ ಕತ್ತರಿಸಿದವು ಚಿಟಿಚಿಟಿ ಮುರಿಯುವಷ್ಟು ಹಗುರವಾದವು. ಗರಿಗರಿತನದಲ್ಲಿ ಉಳಿದೆರಡೂ ಇದರ ಹತ್ತಿರ ಬರಲಿಲ್ಲ. ಆದರೆ ಓವನ್ನಿನ ಬಾಗಿಲು ತೆರೆದಾಗ ಕಣ್ಣು ಉರಿಯುತ್ತದೆ, ಕಿಟಕಿ ತೆರೆದಿಡುವುದು ಅಗತ್ಯ. ಅದೇ ಹಿಟ್ಟನ್ನು ದಪ್ಪಗೆ ಕತ್ತರಿಸಿದಾಗ ಅನಿಲ ಒಳಗೇ ಸಿಕ್ಕಿಕೊಂಡು, ಆರಿದ ಮೇಲೂ ನಾತ ಹೋಗಲಿಲ್ಲ. ತೇವಾಂಶ ಉಳಿಯುವ ಬನ್ನು, ಕೇಕುಗಳಿಗೆ ಇದು ಒಗ್ಗದಿರುವುದಕ್ಕೆ ಕಾರಣವೂ ಇದೇ.

ಕಾರ್ಖಾನೆಯ ಬಿಸ್ಕತ್ತಿನ ಪೊಟ್ಟಣಗಳ ಮೇಲೆ ಕಾಣುವ 503(ii) ಎಂಬುದು ಈ ಅಮೋನಿಯಂ ಬೈಕಾರ್ಬೊನೇಟ್, 500(ii) ಎಂಬುದು ಅಡುಗೆ ಸೋಡಾ. ಎರಡನ್ನೂ ಒಟ್ಟಿಗೆ ಬಳಸುವವರು ಅನೇಕರು. ಅಮೋನಿಯಾಕ್ಕೆ ಒಂದು ಆಕ್ಷೇಪವಂತೂ ನಿಜವಾದದ್ದು: ಬೇಯುವಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹುಟ್ಟುವುದನ್ನು ಅದು ಹೆಚ್ಚಿಸುತ್ತದೆ, ಅದರ ಬದಲು ಸೋಡಾ ಹಾಕಿದರೆ ಈ ಪ್ರಮಾಣ ತಗ್ಗುತ್ತದೆ. ಆದ್ದರಿಂದ ಮಕ್ಕಳ ಡಬ್ಬಿಗೆ ಪದೇಪದೇ ಮಾಡುವ ಬಿಸ್ಕತ್ತಿಗೆ ನಾನು ಮೊಸರಿನೊಂದಿಗೆ ಹಿಡಿತದ ಸೋಡಾವನ್ನೇ ಆರಿಸುತ್ತೇನೆ. ಬೇಕರಿಯ ಗರಿಯೇ ಬೇಕೆನಿಸಿದ ದಿನ ಅಮೋನಿಯಾವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಹಾಕಿ, ತೆಳ್ಳಗೆ ಲಟ್ಟಿಸಿ, ಕಂದು ಬಣ್ಣ ಗಾಢವಾಗುವ ಮೊದಲೇ ಹೊರತೆಗೆಯುತ್ತೇನೆ. ಅಮೋನಿಯಾದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು, ಇಲ್ಲವಾದರೆ ಇಟ್ಟಲ್ಲೇ ಆವಿಯಾಗಿ ಕರಗುತ್ತಾ ಹೋಗುತ್ತದೆ.