ಶ್ರುತಿ ನಿಲ್ಲದ ಅಗ್ಗದ ಮ್ಯಾಂಡೊಲಿನ್: ಇಟ್ಟುಕೊಳ್ಳೋದಾ, ವಾಪಸ್ ಕಳಿಸೋದಾ?

ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಎ-ಸ್ಟೈಲ್ (ಸುರುಳಿಯಿಲ್ಲದ, ಹನಿಯಾಕಾರದ ಮೈಯ) ಮ್ಯಾಂಡೊಲಿನ್‌ಗಳ ಮೇಲೆ ಯಾವ ಹೆಸರಿದ್ದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಪ್ಲೈವುಡ್ ಮೈ, ಒಂದೊಂದು ತಗಡಿಗೆ ನಾಲ್ಕು ನಾಲ್ಕು ಬಿರಡೆ, ಅಂಟಿಲ್ಲದೆ ಬರೀ ತಂತಿಯ ಒತ್ತಡಕ್ಕೆ ನಿಂತ ಕುದುರೆ (ಬ್ರಿಡ್ಜ್). ಕೊಟ್ಟ ದುಡ್ಡಿಗೆ ನಾದ ಪರವಾಗಿಲ್ಲ. ಕೊಂಡವರ ದೂರು ಸಾಮಾನ್ಯವಾಗಿ ಶ್ರುತಿ ನಿಲ್ಲಲ್ಲ ಅನ್ನೋದು. ಬೈಗುಳ ಬೀಳೋದು ಬಿರಡೆಗೆ. ಆದರೆ ಬಿರಡೆಯ ಸರದಿ ಕೊನೆಯಲ್ಲಿ ಬರಬೇಕು. ಒಂದು ಸಂಜೆಯ ಕೆಲಸದಲ್ಲಿ ಇಂಥ ವಾದ್ಯ ಬಹುಪಾಲು ದಾರಿಗೆ ಬರುತ್ತೆ.

ಮೊದಲು ಕಾರ್ಖಾನೆಯ ತಂತಿ ಕಿತ್ತು ಬಿಸಾಡಿ. ಡಿ’ಅಡ್ಡಾರಿಯೊ ಇಜೆ74 ಸೆಟ್ (ನಾಲ್ಕು ಜೋಡಿ ತಂತಿಗಳ ದಪ್ಪ, ಇಂಚಿನ ಸಾವಿರನೇ ಒಂದು ಭಾಗದ ಲೆಕ್ಕದಲ್ಲಿ 11, 15, 26, 40) ಹಾಕಿದರೆ ಸಾಕು. ಬೆರಳು ನೋಯುತ್ತೆ ಅನ್ನುವವರಿಗೆ 10ರಿಂದ 38ರ ಇಜೆ73. ಎಂಟನ್ನೂ ಒಟ್ಟಿಗೆ ಬಿಚ್ಚಬೇಡಿ, ಕುದುರೆ ಜಾಗ ಬಿಡುತ್ತೆ. ಒಂದು ತೆಗೆದು ಒಂದು ಹಾಕಿ. ಬಿರಡೆಗೆ ದಪ್ಪ ತಂತಿ ಎರಡು ಮೂರು ಸುತ್ತು, ತೆಳು ತಂತಿ ನಾಲ್ಕೈದು ಸುತ್ತು, ಒಂದರ ಕೆಳಗೊಂದು ಬರುವಂತೆ. ಹತ್ತು ಸುತ್ತು ಗೋಜಲಾಗಿ ಸುತ್ತಿದ್ದರೆ ಅದು ದಿನವಿಡೀ ಬಿಗಿಯುತ್ತಾ ಹೋಗುತ್ತೆ, ಶ್ರುತಿ ಇಳಿಯುತ್ತಲೇ ಇರುತ್ತೆ. ಟೇಲ್‌ಪೀಸ್‌ನ (ಮೈಯ ಕೆಳತುದಿಯಲ್ಲಿ ತಂತಿ ಸಿಕ್ಕಿಸುವ ತಗಡು) ಕೊಕ್ಕೆಯಲ್ಲಿ ತಂತಿಯ ಕುಣಿಕೆ ತಳದವರೆಗೆ ಕೂತಿದೆಯೇ ನೋಡಿ. ಆಮೇಲೆ ಪ್ರತಿ ತಂತಿಯನ್ನೂ 12ನೇ ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ಮೆಲ್ಲಗೆ ಎತ್ತಿ ಎಳೆದು, ಮತ್ತೆ ಶ್ರುತಿ ಮಾಡಿ. ಮೂರ್ನಾಲ್ಕು ಸಲ.

ಇನ್ನು ನಿಜವಾದ ಕಳ್ಳ: ನಟ್, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಕಚ್ಚುಗಳಿರುವ ಪಟ್ಟಿ. ಬಿರಡೆ ತಿರುಗಿಸಿದರೂ ಸ್ವರ ಕದಲದೆ, ಇನ್ನಷ್ಟು ತಿರುಗಿಸಿದಾಗ ‘ಟಿಂಕ್’ ಅಂತ ಒಮ್ಮೆಲೇ ಜಿಗಿದರೆ ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡಿದೆ. ನುಡಿಸುವಾಗ ಅದೇ ತಂತಿ ಯಾವಾಗಲೋ ಜಾರಿ ಶ್ರುತಿ ಕೆಡಿಸುತ್ತೆ. ದಪ್ಪ ತಂತಿಯ ಕಚ್ಚು ಕಾರ್ಖಾನೆಯ 34ರ ತಂತಿಗೆ ಕೊರೆದಿದ್ದು, ಅಂದರೆ 0.86 ಮಿ.ಮೀ. ನೀವು ಹಾಕಿದ್ದು 40, ಅಂದರೆ 1.02 ಮಿ.ಮೀ. ಹಿಡಿಯದೆ ಇನ್ನೇನು ಮಾಡೀತು? 600ರ ಮರಳು ಕಾಗದ ಮಡಚಿ ಕಚ್ಚಿನ ಪಕ್ಕಗಳನ್ನು ಮಾತ್ರ ಉಜ್ಜಿ, ತಳ ಮುಟ್ಟಬೇಡಿ. ತಳ ಇಳಿದರೆ ತೆರೆದ (ಬೆರಳೊತ್ತದೆ ಮೀಟಿದ) ತಂತಿ ಮೊದಲ ಫ್ರೆಟ್‌ಗೆ ತಾಗಿ ಝೇಂಕರಿಸುತ್ತೆ, ಆಮೇಲೆ ಹೊಸ ನಟ್ಟೇ ಗತಿ. ಕೊನೆಗೆ 2ಬಿ ಪೆನ್ಸಿಲ್‌ನ ಪುಡಿ ಉದುರಿಸಿ. ಎಣ್ಣೆ ಬೇಡ, ಧೂಳು ಹಿಡಿಯುತ್ತೆ.

ತೆರೆದ ತಂತಿ ಸರಿಯಿದ್ದು ಮೇಲೆ ಹೋದಂತೆ ಅಪಸ್ವರವಾದರೆ ಅದು ಬೇರೆ ಕಾಯಿಲೆ. ನಟ್‌ನಿಂದ 12ನೇ ಫ್ರೆಟ್‌ಗೆ ಎಷ್ಟಿದೆಯೋ ಅಲ್ಲಿಂದ ಕುದುರೆಗೂ ಸುಮಾರು ಅಷ್ಟೇ ಇರಬೇಕು, ಚೂರು ಹೆಚ್ಚಿರಬಹುದು (ಸಾಮಾನ್ಯ ಅಳತೆಯ ವಾದ್ಯದಲ್ಲಿ 176 ಮಿ.ಮೀ. ಹತ್ತಿರ). 12ನೇ ಫ್ರೆಟ್ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದಾಗ ಬರುವ ಸ್ವರ) ಮೇಲಿದ್ದರೆ ಕುದುರೆಯನ್ನು ಟೇಲ್‌ಪೀಸ್ ಕಡೆಗೆ ಸರಿಸಿ, ಕೆಳಗಿದ್ದರೆ ನಟ್ ಕಡೆಗೆ. ಶ್ರುತಿ ಏರಿಸುವಾಗ ಕುದುರೆಯ ತಲೆ ನಟ್ ಕಡೆಗೆ ವಾಲುತ್ತೆ, ನೆಟ್ಟಗೆ ನಿಲ್ಲಿಸಿ. ಪಾದದ ಅಡಿ ಕಾಗದ ನುಸುಳಿದರೆ ಪಾದ ಸರಿಯಾಗಿ ಕೂತಿಲ್ಲ; ವಾದ್ಯದ ಮೈಮೇಲೆಯೇ 120ರ ಮರಳು ಕಾಗದ ಹಾಸಿ, ಪಾದವನ್ನು ಅದರ ಮೇಲೆ ಉಜ್ಜಿ ಅದೇ ಉಬ್ಬಿಗೆ ತನ್ನಿ.

ಕರ್ನಾಟಕ ಸಂಗೀತಕ್ಕೆ ಕೊಳ್ಳುವವರು ಇನ್ನೊಂದು ಲೆಕ್ಕ ಹಾಕಬೇಕು. ಮಾಮೂಲಿ ಶ್ರುತಿಯಾದ ಜಿ-ಡಿ-ಎ-ಇ ಬಿಟ್ಟು ಜಿ-ಡಿ-ಜಿ-ಡಿ, ಅಂದರೆ ಸ-ಪ-ಸ-ಪ ಮಾಡಿದಾಗ ಮೇಲಿನ ಎರಡು ಜೋಡಿ ಎರಡೆರಡು ಸೆಮಿಟೋನ್ (ಒಂದು ಫ್ರೆಟ್‌ನಷ್ಟು ಅಂತರ) ಇಳಿದು, ಬಿಗಿತ ಶೇ. 20ರಷ್ಟು ಕಡಿಮೆಯಾಗುತ್ತೆ. ಸಡಿಲ ತಂತಿ ಗಮಕಕ್ಕೆ ಎಳೆದಾಗಲೆಲ್ಲ ಅಲೆಯುತ್ತೆ. 11ರ ಬದಲು 12, 15ರ ಬದಲು 17 ಬಿಡಿ ತಂತಿ ಹಾಕಿದರೆ ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟಕ್ಕೇ ಬರುತ್ತೆ. ಜೋಡಿ ತಂತಿಯಲ್ಲಿ ಗಮಕ ಕಷ್ಟವೇ ಬಿಡಿ, ಕರ್ನಾಟಕ ಸಂಗೀತದ ಮ್ಯಾಂಡೊಲಿನ್ ವಾದಕ ಯು. ಶ್ರೀನಿವಾಸ್ ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ನುಡಿಸಿದ್ದು ಸುಮ್ಮನೆ ಅಲ್ಲ. ಆದರೆ ಈ ವಾದ್ಯದಲ್ಲಿ ಜೋಡಿಯಿಂದ ಒಂದೊಂದು ಕಿತ್ತರೆ ಕುದುರೆಯ ಮೇಲಿನ ಒತ್ತಡ ಅರ್ಧಕ್ಕಿಳಿದು ಅದು ಬೇಗ ಜರುಗುತ್ತೆ.

ಈಗ ಬಿರಡೆ. ಹಲ್ಲುಚಕ್ರದ ನಡುವಿನ ಸ್ಕ್ರೂ ಹಿತವಾಗಿ ಬಿಗಿಮಾಡಿ. ಸ್ವರಕ್ಕೆ ಯಾವಾಗಲೂ ಕೆಳಗಿನಿಂದ ಏರಿ ಬನ್ನಿ. ಮೀರಿದರೆ ಸ್ವರದ ಕೆಳಗಿನವರೆಗೂ ಇಳಿಸಿ ಮತ್ತೆ ಏರಿಸಿ, ಇಲ್ಲವಾದರೆ ಹಲ್ಲುಗಳ ನಡುವಿನ ಸಡಿಲು ಹಾಗೇ ಉಳಿಯುತ್ತೆ. ಶ್ರುತಿ ಮಾಡುವಾಗ ಜೋಡಿಯ ಇನ್ನೊಂದು ತಂತಿಯನ್ನು ಬೆರಳಿಂದ ಅದುಮಿಡಿ. ಕೊನೆಗೆ ಎರಡನ್ನೂ ಒಟ್ಟಿಗೆ ಮೀಟಿ: ಎ ಜೋಡಿಯಲ್ಲಿ 4 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ ಒಂದು ಸೆಂಟ್) ತಪ್ಪಿದರೂ ಸೆಕೆಂಡಿಗೊಮ್ಮೆ ನಾದ ತೂಗುವುದು ಕಿವಿಗೆ ಬೀಳುತ್ತೆ.

ಇಷ್ಟೆಲ್ಲ ಆದಮೇಲೂ ಬಿರಡೆಯ ಕಂಬ ತನ್ನ ತೂತಿನಲ್ಲೇ ಅಲ್ಲಾಡಿದರೆ, ಟೇಲ್‌ಪೀಸ್ ಮೈಯಿಂದ ಮೇಲೆದ್ದಿದ್ದರೆ, ಕತ್ತು ಮೈಗೆ ಸೇರುವಲ್ಲಿ ಉಗುರು ತೂರುವಷ್ಟು ಬಿರುಕಿದ್ದರೆ, ವಾಪಸಾತಿಯ ಅವಧಿ ಮುಗಿಯುವ ಮೊದಲೇ ಪೆಟ್ಟಿಗೆ ಕಟ್ಟಿ ಕಳಿಸಿ. ತಂತಿ ಬಿಚ್ಚುವ ಮುಂಚೆಯೇ ಈ ಮೂರು ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ, ‘ನೀವೇ ಕೆಡಿಸಿದ್ದು’ ಅನ್ನಿಸಿಕೊಳ್ಳೋದು ತಪ್ಪುತ್ತೆ.