ವರ್ಚುವಲ್ ರೋಗಿ ಪರವಾಗಿಲ್ಲ, ಸ್ಕೋರ್ ಶೀಟ್‌ದೇ ತಲೆನೋವು: ಮೂರು ವರ್ಷ ಬಳಸಿದ ಟ್ಯೂಟರ್ ಮಾತು

ರೇಟಿಂಗ್: 5ಕ್ಕೆ 3

ಕೋಲಾರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದೇನೆ. 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೆಮಿಸ್ಟರ್ ಪದ್ಧತಿ ಬಂದ ಮೇಲೆ ನಮ್ಮಲ್ಲೂ ಸಿಮ್ಯುಲೇಶನ್, ಅಂದರೆ ನಿಜ ರೋಗಿಯ ಬದಲು ಅಣಕು ಸನ್ನಿವೇಶದಲ್ಲಿ ಅಭ್ಯಾಸ, ಜೋರಾಯಿತು. ಪರದೆ ಮೇಲಿನ ರೋಗಿಯನ್ನು ನೋಡಿಕೊಂಡು ಅಂಕ ಗಳಿಸುವ ಈ ಸಾಫ್ಟ್‌ವೇರೂ ಬಂತು. ಹೆಸರು ಬೇಡ.

ಗ್ರಾಫಿಕ್ಸ್ ಚೆನ್ನಾಗಿದೆ. ಲ್ಯಾಬ್‌ನ ಹಳೇ ಕಂಪ್ಯೂಟರಲ್ಲಿ ಸ್ವಲ್ಪ ತಡವರಿಸುತ್ತೆ, ಅಷ್ಟೆ.

ನನ್ನ ತಕರಾರು ಆಟ ಮುಗಿದ ಮೇಲಿನದು. ರಕ್ತ ಕೊಡುವ ಸನ್ನಿವೇಶ ಒಂದಿದೆ. ರಕ್ತ ಏರುತ್ತಿರುವಾಗಲೇ ರೋಗಿಗೆ ಚಳಿ, ನಡುಕ, ಸೊಂಟನೋವು: ರಕ್ತ ಒಗ್ಗುತ್ತಿಲ್ಲ ಅನ್ನುವ ಲಕ್ಷಣ. ತಕ್ಷಣ ರಕ್ತ ನಿಲ್ಲಿಸಬೇಕು, ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಬರೆಯುತ್ತಾರೆ. ಪರದೆ ಮುಂದೆ ಕೂತಾಗ ಅರ್ಧ ಕ್ಲಾಸು ರಕ್ತ ಹರಿಯಲು ಬಿಟ್ಟು ಡಾಕ್ಟರಿಗೆ ಫೋನ್ ಮಾಡಿತು. ಸಾಫ್ಟ್‌ವೇರ್ ಅಂಕ ಕಳೆಯಿತು, ಮಕ್ಕಳು ಮತ್ತೆ ಮತ್ತೆ ಒತ್ತಿ 96 ತಂದರು. ಎಲ್ಲರಿಗೂ ಖುಷಿ.

ಆಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿಸಿ, "ಯಾಕಮ್ಮ ಮೊದಲು ಫೋನು?" ಅಂದೆ. ಮುಳಬಾಗಿಲಿನ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಮ್ಯಾಮ್, ವಾರ್ಡಲ್ಲಿ ನಾವಾಗೇ ಡ್ರಿಪ್ ಮುಟ್ಟಿದ್ರೆ ಬೈಯ್ತಾರಲ್ಲ?" ಗೊತ್ತಿಲ್ಲದೆ ಮಾಡಿದ್ದಲ್ಲ, ಹೆದರಿ ಮಾಡಿದ್ದು. ಇದು ಯಾವ ಸ್ಕೋರ್ ಶೀಟಲ್ಲೂ ಬರಲ್ಲ.

ಅಂದಿನಿಂದ ಡಿಬ್ರೀಫಿಂಗ್‌ಗೆ, ಅಂದರೆ ಆಟ ಮುಗಿದ ಮೇಲೆ ಕೂತು ಮಾಡುವ ಇಂಥ ಚರ್ಚೆಗೆ, ಪರ್ಲ್ಸ್ ಪದ್ಧತಿ ಹಿಡಿದಿದ್ದೇನೆ. 2015ರಲ್ಲಿ ಎಪಿಚ್ ಮತ್ತು ಚೆಂಗ್ ಪ್ರಕಟಿಸಿದ ಚೌಕಟ್ಟು ಅದು: ಮೊದಲು ಹೇಗನಿಸಿತು, ಆಮೇಲೆ ಏನು ನಡೆಯಿತು, ಯಾಕೆ ಹಾಗೆ ಮಾಡಿದೆವು, ಕೊನೆಗೆ ಏನು ಕಲಿತೆವು. ಇಂಗ್ಲಿಷಲ್ಲಿ ಕೇಳಿದರೆ ಮೌನ. ಕನ್ನಡಕ್ಕೆ ಇಳಿದರೆ ಬಾಯಿ ಬಿಡುತ್ತಾರೆ. ಕೋಪ ಬಂದರಂತೂ ತೆಲುಗೇ. ಹದಿನೈದು ನಿಮಿಷದ ಆಟಕ್ಕೆ ನಲವತ್ತು ನಿಮಿಷ ಮಾತು ಬೇಕು. ಟೈಮ್‌ಟೇಬಲಲ್ಲಿ ಸಿಗುವುದು ಇಪ್ಪತ್ತು.

ಸಾಫ್ಟ್‌ವೇರಿನೊಳಗೇ, ಒಬ್ಬೊಬ್ಬರೇ ಬರೆದುಕೊಳ್ಳುವ ಸ್ವಂತ ಡಿಬ್ರೀಫಿಂಗ್‌ಗೆ ಪ್ರಶ್ನೆಗಳಿವೆ. ಹಾಸ್ಟೆಲಲ್ಲಿ ರಾತ್ರಿ ಬರೆಯಲು ಹೇಳಿದೆ. "ನನ್ನ ಕಮ್ಯುನಿಕೇಶನ್ ಸುಧಾರಿಸಬೇಕು" ಅಂತ ಎಲ್ಲರದೂ ಒಂದೇ ಉತ್ತರ, ಸ್ಪೆಲಿಂಗ್ ತಪ್ಪು ಸಮೇತ. ವಾಟ್ಸಾಪ್ ಮಹಿಮೆ. ವಿಡಿಯೊ ಕಾಲ್ ಚರ್ಚೆಯೂ ಅಷ್ಟೇ: ಕ್ಯಾಮೆರಾ ಬಂದ್, "ನೆಟ್ ಇಲ್ಲ ಮ್ಯಾಮ್".

ಕೊಳ್ಳುವವರು ಡೆಮೊದಲ್ಲೇ ಕೇಳಿ: ಚರ್ಚೆ ಮುಗಿಯುವವರೆಗೆ ಅಂಕ ಮುಚ್ಚಿಡಲು ಆಗುತ್ತದಾ? ಮೊದಲ ಸಲ ಏನು ಒತ್ತಿದರು ಅನ್ನೋದು ಟ್ಯೂಟರಿಗೆ ಸಿಗುತ್ತದಾ? ನಮ್ಮದರಲ್ಲಿ ಎರಡೂ ಇಲ್ಲ. ಈ ಸಲ ರಿನ್ಯೂವಲ್ ಹೊತ್ತಿಗೆ ಎರಡನ್ನೂ ಬರೆದು ಕೊಟ್ಟೆವು. ಅಪ್‌ಡೇಟ್‌ನಲ್ಲಿ ಬಂದದ್ದು ವಾರ್ಡಿನ ಗೋಡೆಗೆ ಹೊಸ ಬಣ್ಣ.