ಐದು ವರ್ಷ ಓಡಿಸಿದ 56 ಕಿಲೋಲೀಟರ್ ಎಲ್‌ಎನ್‌ಜಿ ಟ್ಯಾಂಕ್: ಟ್ಯಾಂಕಿಗೆ ಪೂರ್ತಿ ಅಂಕ, ವೇಪರೈಸರ್‌ಗೆ ಅರ್ಧ

ಬಳಕೆ: ಗಂಟೆಗೆ ಎರಡು ಟನ್ ಹಬೆ ಕೊಡುವ ಬಾಯ್ಲರ್, ದಿನಕ್ಕೆ ಸುಮಾರು 3 ಟನ್ ತಣಿಸಿ ದ್ರವವಾಗಿಸಿದ ನೈಸರ್ಗಿಕ ಅನಿಲ (ಬಹುಪಾಲು ಮೀಥೇನ್), ಅಂದರೆ ಎಲ್‌ಎನ್‌ಜಿ. ಪೈಪ್‌ಲೈನ್ ಬಾರದ ಜಾಗ, ಹಾಗಾಗಿ ಸರಕೆಲ್ಲ ಟ್ಯಾಂಕರಿನಲ್ಲೇ ಬರುತ್ತದೆ.

ಒಳಪಾತ್ರೆ 304 ಸ್ಟೇನ್‌ಲೆಸ್ ಸ್ಟೀಲ್, ಹೊರಕವಚ ಕಾರ್ಬನ್ ಸ್ಟೀಲ್, ನಡುವೆ ಶಾಖ ತಡೆಯುವ ಪರ್ಲೈಟ್ ಪುಡಿ ಮತ್ತು ನಿರ್ವಾತ. ಎಲ್‌ಪಿಜಿಯಂತೆ ಬರೀ ಒತ್ತಡದಿಂದ ಹಿಡಿದಿಡಲು ಬರುವುದಿಲ್ಲ, ಮೀಥೇನ್ −82.6 ಡಿಗ್ರಿಗಿಂತ ಬೆಚ್ಚಗಾದರೆ ಎಷ್ಟು ಒತ್ತಿದರೂ ದ್ರವವಾಗದು. ನಾವು ದುಡ್ಡು ಕೊಡುವುದು ಆ ನಿರ್ವಾತಕ್ಕೇ. ವರ್ಷಕ್ಕೊಮ್ಮೆ ವ್ಯಾಕ್ಯೂಮ್ ಗೇಜ್ ಹಾಕಿ ನೋಡಿ ಬರೆದಿಟ್ಟುಕೊಳ್ಳಿ. ಕೆಳಗಿನ ಪೈಪುಗಳ ಬುಡದಲ್ಲಿ ಬೆವರಿದರೆ ಗಾಬರಿ ಬೇಡ. ಮೇಲಿನ ಗುಮ್ಮಟದಲ್ಲಿ ಮಂಜು ಕಟ್ಟಿದರೆ ಪರ್ಲೈಟ್ ಕುಸಿದಿರಬಹುದು, ಮೈಯೆಲ್ಲ ತಣ್ಣಗಾದರೆ ನಿರ್ವಾತವೇ ಹೋಗಿರಬಹುದು. ನಮ್ಮದರಲ್ಲಿ ಇವೆರಡೂ ಇನ್ನೂ ಆಗಿಲ್ಲ.

ಆವಿಯಾಗಿ ಹೋಗುವುದು ದಿನಕ್ಕೆ ಶೇ. 0.15 ಎಂದುಕೊಳ್ಳಿ. 56 ಕಿಲೋಲೀಟರಿಗೆ 84 ಲೀಟರ್, ಅಂದರೆ ಸುಮಾರು 50 ಘನ ಮೀಟರ್ ಅನಿಲ. ಬಾಯ್ಲರ್ ಓಡುತ್ತಿದ್ದರೆ ಎಕಾನಮೈಸರ್ ರೆಗ್ಯುಲೇಟರ್ ಮೇಲಿನ ಆವಿಯನ್ನೇ ಮೊದಲು ಎಳೆದುಕೊಳ್ಳುತ್ತದೆ, ನಷ್ಟವಿಲ್ಲ. ದೀಪಾವಳಿಗೆ ವಾರಗಟ್ಟಲೆ ಬಾಗಿಲು ಹಾಕಿದರೆ ಮಾತ್ರ ಒತ್ತಡ ಏರುತ್ತಾ ಹೋಗುತ್ತದೆ. ರಜೆಗೆ ಮುಂಚೆ ಪ್ರೆಶರ್ ಬಿಲ್ಡಿಂಗ್ ಕಾಯಿಲ್ (ಸ್ವಲ್ಪ ದ್ರವವನ್ನು ಆವಿ ಮಾಡಿ ಟ್ಯಾಂಕಿನ ಒತ್ತಡ ಏರಿಸುವ ಸುರುಳಿ) ಮುಚ್ಚಿ, ಒತ್ತಡ ಇಳಿಸಿಯೇ ಹೊರಡಿ. ನಿಂತ ದ್ರವದಲ್ಲಿ ಮೀಥೇನ್ ಮೊದಲು ಹಾರಿ ಈಥೇನ್, ಪ್ರೊಪೇನ್ ಉಳಿಯುತ್ತವೆ. ಮರಳಿ ಬಂದ ದಿನ ಬರ್ನರಿನ ಗಾಳಿ ಮತ್ತೆ ಹೊಂದಿಸಬೇಕಾದೀತು.

ಈಗ ವೇಪರೈಸರ್, ಅಂದರೆ ಸುತ್ತಲಿನ ಗಾಳಿಯ ಶಾಖದಿಂದ ದ್ರವವನ್ನು ಅನಿಲವಾಗಿಸುವ ಸಾಧನ. ಅಲ್ಯೂಮಿನಿಯಂ ರೆಕ್ಕೆಗಳಿರುವ ಎರಡು ಸೆಟ್, ಎಂಟು ಗಂಟೆಗೊಮ್ಮೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿ ಎಂದು ಮಾರಿದವರು ಹೇಳಿದ್ದರು. ಏಪ್ರಿಲ್‌ನಲ್ಲಿ ಅದು ನಿಜ. ಮಳೆಗಾಲದಲ್ಲಿ, ಗಾಳಿಯಾಡದ ಡಿಸೆಂಬರ್ ಬೆಳಗಿನಲ್ಲಿ ರೆಕ್ಕೆಗಳ ನಡುವೆ ಮಂಜುಗಡ್ಡೆ ಸೇರಿಕೊಂಡು ಗೋಡೆಯಾಗುತ್ತದೆ, ನಾಲ್ಕೇ ಗಂಟೆಗೆ ಹೊರಬರುವ ಅನಿಲ ತಣ್ಣಗಾಗುತ್ತದೆ. ಮುಂದಿನ ಕಾರ್ಬನ್ ಸ್ಟೀಲ್ ಪೈಪು −29ಕ್ಕಿಂತ ಕೆಳಗೆ ಗಾಜಿನಂತೆ ಒಡೆಯುವ ಅಪಾಯವಿದೆ. ಅದಕ್ಕೇ ಅನಿಲ ತೀರಾ ತಣ್ಣಗಾದರೆ ತಾನೇ ಮುಚ್ಚಿಕೊಳ್ಳುವ ಟ್ರಿಪ್ ವಾಲ್ವನ್ನು −20ಕ್ಕೆ ಇಟ್ಟಿದ್ದೇವೆ. ಆ ಟ್ರಿಪ್ಪನ್ನು ಬೈಪಾಸ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ರಾಡಿನಿಂದ ಐಸ್ ಹೊಡೆಯಬೇಡಿ, ರೆಕ್ಕೆ ಬಾಗುತ್ತದೆ. ಬಿಡುವಿನಲ್ಲಿರುವ ಸೆಟ್ಟಿಗೆ ಮಾಮೂಲಿ ನೀರು ಬಿಟ್ಟರೆ ಸಾಕು. ಆದರೆ ಸೇಫ್ಟಿ ವಾಲ್ವಿನ ಬಾಯಿಗೆ ನೀರು ಬಿದ್ದರೆ ಅದು ಹೆಪ್ಪುಗಟ್ಟಿ ವಾಲ್ವೇ ತೆರೆಯದೆ ಹೋದೀತು. ಚೆಲ್ಲಿದ ಎಲ್‌ಎನ್‌ಜಿ ಮೇಲೂ ನೀರು ಹೊಯ್ಯಬಾರದು, ಕುದಿಯುವುದು ಇನ್ನೂ ಜೋರಾಗುತ್ತದೆ. ಹೊಸದಾಗಿ ತೆಗೆದುಕೊಳ್ಳುವವರು ಲೆಕ್ಕಕ್ಕೆ ಬಂದುದಕ್ಕಿಂತ ಒಂದು ಅಳತೆ ದೊಡ್ಡ ವೇಪರೈಸರನ್ನೇ ಕೇಳಿ.

ಟ್ಯಾಂಕರ್ ಇಳಿಸುವಾಗ: ಅರ್ತಿಂಗ್ ಹಾಕಿ, ಹೋಸನ್ನು ನೈಟ್ರೋಜನ್‌ನಿಂದ ಪರ್ಜ್ ಮಾಡಿ (ಒಳಗಿನ ಗಾಳಿ ಹೊರಹಾಕಿ), ನಿಧಾನವಾಗಿ ತಣಿಸಿ. ಮೇಲಿನಿಂದ ತುಂಬಿದರೆ ಟ್ಯಾಂಕಿನ ಒತ್ತಡ ಇಳಿಯುತ್ತದೆ, ಕೆಳಗಿನಿಂದ ತುಂಬಿದರೆ ಏರುತ್ತದೆ. ಎರಡನ್ನೂ ಬೆರೆಸಿ ಒತ್ತಡ ಹತೋಟಿಯಲ್ಲಿಡುವುದು ಆಪರೇಟರನ ಕೈಚಳಕ. ತಣಿದಾಗ ವಾಲ್ವಿನ ಟೆಫ್ಲಾನ್ ಪ್ಯಾಕಿಂಗ್ ಕುಗ್ಗಿ ಗ್ಲ್ಯಾಂಡ್ (ಪ್ಯಾಕಿಂಗನ್ನು ಒತ್ತಿ ಹಿಡಿಯುವ ಭಾಗ) ಜಿನುಗುತ್ತದೆ. ತಣ್ಣಗಿರುವಾಗಲೇ ಹದವಾಗಿ ಬಿಗಿಯಿರಿ. ಪೂರ್ತಿ ತೆರೆದ ವಾಲ್ವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿಡಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಕೂರುತ್ತದೆ. ಎರಡು ವಾಲ್ವುಗಳ ನಡುವೆ ದ್ರವ ಸಿಕ್ಕಿಬೀಳುವ ಪ್ರತಿ ತುಂಡು ಪೈಪಿಗೂ ಥರ್ಮಲ್ ರಿಲೀಫ್ ವಾಲ್ವ್ (ಒತ್ತಡ ಏರಿದರೆ ತಾನೇ ತೆರೆಯುವ ವಾಲ್ವ್) ಇದೆಯೇ ಎಂದು ಖರೀದಿಗೆ ಮುನ್ನ ಡ್ರಾಯಿಂಗ್‌ನಲ್ಲಿ ಬೆರಳಿಟ್ಟು ನೋಡಿ: ದ್ರವ ಅನಿಲವಾದರೆ 600 ಪಟ್ಟು ಹಿಗ್ಗುತ್ತದೆ.

ಲೆವೆಲ್ ಗೇಜಿನ ಮೇಲೆ ಚಿಕ್ಕ ತಕರಾರು. ಅದು ಅಳೆಯುವುದು ಒತ್ತಡದ ವ್ಯತ್ಯಾಸ. ಜೊತೆ ಕೊಟ್ಟ ಚಾರ್ಟು ಒಂದೇ ಸಾಂದ್ರತೆಗೆ. ಸರಕು ಬದಲಾದಂತೆ ಲೀಟರಿಗೆ 0.43ರಿಂದ 0.46 ಕಿಲೋ ಆಗುತ್ತದೆ, ಹಾಗಾಗಿ ಲೆಕ್ಕಕ್ಕೆ ತೂಕದ ಚೀಟಿಯನ್ನೇ ನಂಬಿ.

17 ಟನ್ನಿನ ಟ್ಯಾಂಕರ್ ಎಂದರೆ ಸುಮಾರು 38 ಕಿಲೋಲೀಟರ್. ಶೇ. 90 ತುಂಬಿದರೆ ಇದರಲ್ಲಿ 50 ಹಿಡಿಯುತ್ತದೆ, ಅಂದರೆ ತಳದಲ್ಲಿ 12 ಉಳಿದಿರುವಾಗಲೇ ಪೂರ್ತಿ ಲೋಡ್ ಇಳಿಸಬಹುದು. ಇದಕ್ಕಿಂತ ಚಿಕ್ಕ ಟ್ಯಾಂಕ್ ಕೊಂಡು ಅರ್ಧ ಲೋಡಿಗೆ ಪೂರ್ತಿ ಬಾಡಿಗೆ ಕೊಡುವುದು ನಮಗಂತೂ ಲಾಭವಾಗಿ ಕಾಣಲಿಲ್ಲ.